ಕ್ಯಾಲೆಂಡರಿನಲ್ಲಿ ಗಿರಿಯಮ್ಮನ ದಿನ

ಹರಿಹರ, ಜನವರಿ ೧೯೮೨

ಗಿರಿಯಮ್ಮ,

ನೀನು ತೀರಿಕೊಂಡ ಮೇಲೆ ಬಂದ ಮೊದಲ ಹೊಸ ವರ್ಷ ಇದು. ಮಂಡಿಪೇಟೆಯ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಚಿತ್ರದ ಮೇಲೆ ಮಗಳು ಚಂದ್ರಿ ಇವತ್ತು ನಿನ್ನ ಫೋಟೊ ಅಂಟಿಸಿದಳು. ಮನೆಯವರು ಹುಟ್ಟಿದ ದಿನಗಳಿಗೆಲ್ಲ ಕೆಂಪು ಗುರುತು ಹಾಕುತ್ತ ಕೇಳಿದಳು:

"ಅವ್ವ ಹುಟ್ಟಿದ್ದು ಯಾವತ್ತಪ್ಪ?"

"ಗೊತ್ತಿಲ್ಲವ್ವ. ನಾನು ಕೇಳ್ಲೇ ಇಲ್ಲ."

"ಹೋಗ್ಲಿ, ಅವ್ವ ಖುಷಿಯಾಗಿದ್ದ ಒಂದು ದಿನ ಹೇಳು. ಅದನ್ನೇ ಬರಿತೀನಿ."

ಇಪ್ಪತ್ತು ವರ್ಷ ಜೊತೆಗಿದ್ದೆವು. ಹಾಳೆ ತಿರುವಿ ತಿರುವಿ ಕೈ ಸೋತಿತು. ಕೊನೆಗೆ ಯುಗಾದಿಯ ಮರುದಿನವನ್ನು ತೋರಿಸಿದೆ.

"ಅವತ್ತೇನಾಗಿತ್ತು?"

"ದಾವಣಗೆರೆಗೆ ಸಿನಿಮಾಕ್ಕೆ ಹೋಗಾಣ ಅಂದಿದ್ದೆ. ನಿಮ್ಮವ್ವ ಮಧ್ಯಾಹ್ನದಿಂದ್ಲೇ ಹೂ ಮುಡ್ಕೊಂಡು ಬಾಗಿಲಾಗೆ ಕುಂತಿದ್ಲು."

ಚಂದ್ರಿ ನಗುತ್ತ ಬರೆದುಕೊಂಡಳು. ನಾನು ಮನೆಗೆ ಬರುವಷ್ಟರಲ್ಲಿ ಸಿನಿಮಾ ಮುಗಿದಿತ್ತು ಎಂಬುದನ್ನು ಅವಳಿಗೆ ಹೇಳಲಿಲ್ಲ.