ಜೇಠ್ ತಿಂಗಳ ಕೊನೆಯ ನಾಲ್ಕು ದಿನ

ಜೇಠ್ 26, ಬೆಳಿಗ್ಗೆ 10.40

ಮತ್ತೆ ಖಾಲಿ. ಎರಡು ಅಕ್ಷ, ನಡುವೆ ಬಿಳಿ ಬಯಲು. ಕಂಪ್ಯೂಟರಿನ ನೋಟ್‌ಬುಕ್‌ನಲ್ಲಿ ಆದೇಶದ ಸೆಲ್ ರನ್ ಮಾಡಿದರೆ ಎರರ್ ಇಲ್ಲ, ಗೆರೆಯೂ ಇಲ್ಲ. ಎರರ್ ಬಂದರೆ ವಾಸಿ, ಎಲ್ಲಿ ನೋವು ಎಂದಾದರೂ ಹೇಳುತ್ತದೆ. ಹೀಗೆ ಸುಮ್ಮನೆ ಕೂತರೆ ಏನು ಮಾಡುವುದು?

ನಮ್ಮ ವಿಭಾಗದ ಮುಖ್ಯಸ್ಥ ಘಿಮಿರೆ ಸರ್ ಎರಡು ಸಲ ಇಣುಕಿ ಹೋದರು. ವಾರದ ಪ್ರವಾಹ ಸೂಚನೆಗೆ ಸೇತೋ ಪೋಖರಿ ಎಂಬ ಹಿಮಬೆಟ್ಟದ ಕೆರೆಯ ನೀರಿನ ಮಟ್ಟದ ಚಾರ್ಟ್ ಬೇಕು.

"ಒಂದು ಗೆರೆ ಎಳೆಯೋಕೆ ಎಷ್ಟು ದಿನ ಜುನಾ? ನಮ್ಮಜ್ಜಿ ಇದ್ದಿದ್ರೆ ಇದ್ದಿಲು ತಗೊಂಡು ಗೋಡೆ ಮೇಲೆ ಎಳೆದು ಊಟಕ್ಕೆ ಹೋಗಿರೋರು."

"ಅಜ್ಜೀನೇ ಕರೆಸಿ ಸರ್. ನಂಗೂ ರಜೆ ಸಿಗುತ್ತೆ."

ಕಾರಣ ಸಿಕ್ಕಿತು. ಅಂಕಿಗಳೆಲ್ಲ ನಾಗರಿ ಲಿಪಿಯಲ್ಲಿವೆ. ಕೆರೆಯ ಹತ್ತಿರ ಇಟ್ಟಿದ್ದ ಯಂತ್ರ ಚಳಿಗಾಲದಲ್ಲಿ ಹಿಮದಡಿ ಸೇರಿತು. ಈಗ ಕೆರೆ ಕಾಯುವ ಪೆಂಬಾ ದಾಯಿಯ, ಅಂದರೆ ಪೆಂಬಾ ಅಣ್ಣನ, ಕಣ್ಣೇ ಯಂತ್ರ. ದಿನಕ್ಕೆ ಮೂರು ಸಲ, ನೀರಿನಲ್ಲಿ ನೆಟ್ಟ ಪಟ್ಟಿ ಓದಿ ಪುಸ್ತಕದಲ್ಲಿ ಬರೆಯುತ್ತಾರೆ. ಕೆರೆಯ ಕೆಳಗಿನ ಕಣಿವೆಯ ಲುಂಗ್ಮಾ ಹಳ್ಳಿಯ ವಾರ್ಡ್ ಕಚೇರಿಯ ಗುಮಾಸ್ತ ಅದನ್ನು ಹಾಗೇ ಶೀಟ್‌ಗೆ ಇಳಿಸುತ್ತಾನೆ. ನನ್ನ ನೋಟ್‌ಬುಕ್‌ಗೆ ಅವು ಅಂಕಿಯೇ ಅಲ್ಲ, ಅಕ್ಷರ. ಬದಲಿಸಿದೆ.

ಸಂಜೆ 4

ಗೆರೆ ಬಂತು. ಆದರೆ ಕೋಳಿ ಕೆದರಿದ ಹಾಗೆ. ತಾರೀಕನ್ನೂ ಅಕ್ಷರವೆಂದುಕೊಂಡು 1, 10, 11, ಆಮೇಲೆ 2 ಎಂದು ಜೋಡಿಸಿದೆ. ಇದು ತಾರೀಕು ಎಂದು ಹೇಳಿಕೊಟ್ಟೆ. ಈಗ ಎರರ್ — ಪೆಂಬಾ ದಾಯಿ ತಾರೀಕಿನ ಕಾಲಂನಲ್ಲೇ ಒಕ್ಕಣೆ ಬರೆದಿದ್ದಾರೆ. "ಹಿಮ, ಹೋಗಲಾಗಲಿಲ್ಲ." "ಕಾಲು ಉಳುಕಿದೆ." ಪಾಪ. ಯಾವುದು ತಾರೀಕಲ್ಲವೋ ಆ ಸಾಲನ್ನು ತಕರಾರಿಲ್ಲದೆ ಬಿಟ್ಟುಬಿಡು ಎಂದು ನೋಟ್‌ಬುಕ್‌ಗೆ ಒಂದು ಸಾಲು ಆದೇಶ ಸೇರಿಸಿದೆ. ಸರಿಹೋಯಿತು.

ಅಕ್ಷದ ಕೆಳಗೆ ಫೆಬ್ರವರಿ ಎಂದು ಬಂದಿತ್ತು. ಎರಡನೇ ತಿಂಗಳು ಎಂದರೆ ಅದಕ್ಕೆ ಫೆಬ್ರವರಿಯೇ. ನಮ್ಮ ಪಂಚಾಂಗದಲ್ಲಿ ಎರಡನೇ ತಿಂಗಳು ಜೇಠ್ ಎಂದು ಅದಕ್ಕೇನು ಗೊತ್ತು... ಹೆಸರು ಬದಲಿಸಿದೆ. ಘಿಮಿರೆ ಸರ್ ನೋಡಿ ಶಹಬ್ಬಾಸ್ ಎಂದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಜೇಠ್ 31

ಮಧ್ಯಾಹ್ನ ಲುಂಗ್ಮಾದಿಂದ ಅಕ್ಕನ ಫೋನು; ಕಿರಿಯವಳಾದ ನಾನು ಅವಳಿಗೆ ಇನ್ನೂ ಕಾಂಛಿ. ಹಿಂದೆ ಹಂದಿಗಳ ಕಿರುಚಾಟ. ಹೊಳೆ ದಂಡೆಯ ಹೋಟೆಲಿಗೆ ಬೀಗ ಹಾಕಿ ದಿಣ್ಣೆಯ ಮೇಲಿನ ಶಾಲೆಗೆ ಹತ್ತಿದ್ದಾಳೆ. ಊರಿನ ಅರ್ಧ ಜನ ಹತ್ತಿದ್ದಾರಂತೆ.

"ಪೆಂಬಾ ದಾಯಿ ಬಂದು ಹೇಳಿದ್ರು ಕಾಂಛಿ. ಕೆರೆ ಹೊಟ್ಟೆ ಉಬ್ಬರಿಸ್ಕೊಂಡು ಕೂತಿದೆ, ನೋಡೋಕೆ ಆಗಲ್ಲ ಅಂತ. ಆ ಮನುಷ್ಯ ಕರಡಿ ಎದುರಿಗೆ ಬಂದ್ರೂ ನಮಸ್ಕಾರ ಹೇಳಿ ಹೋಗೋನು. ಅವನ ಮುಖಾನೇ ಬಿಳಚಿಕೊಂಡಿತ್ತು."

"ಕರಡಿಗೇ ಹೆದರದವರು ನೀರಿಗೆ ಹೆದರಿದ್ರಾ?"

"ನೀನು ಅಲ್ಲಿ ಫ್ಯಾನ್ ಕೆಳಗೆ ಕೂತು ನಗು. ನಿನ್ನ ಗೆರೆ ನೋಡಿ ಹೇಳು. ನಾನು ಅವರಿವರ ಮಾತು ಕೇಳಲ್ಲ, ನೀನು ಹೇಳಿದ ಹಾಗೆ ಕೇಳ್ತೀನಿ."

ರನ್ ಮಾಡಿದೆ. ಗೆರೆ 28ಕ್ಕೇ ನಿಂತಿದೆ. ಗುಮಾಸ್ತ ಇನ್ನೂ ತುಂಬಿಲ್ಲವೆಂದು ಕಾಣುತ್ತದೆ. ಕಾಯಿ ಎಂದೆ.

ಅಸಾರ್ 2, ಬೆಳಿಗ್ಗೆ 11

ಜೇಠ್ ಮುಗಿದು ಅಸಾರ್ ಹುಟ್ಟಿತು, ಹೊಸ ಸಾಲುಗಳೂ ಬಂದಿವೆ. ಗೆರೆ ಇವತ್ತಿನವರೆಗೂ ಬಂತು. 4.10 ಮೀಟರ್. ತಿಂಗಳಿಡೀ 4.10ರ ಆಸುಪಾಸು, ತಟ್ಟೆಯಲ್ಲಿಟ್ಟ ನೀರಿನ ಹಾಗೆ. ಪೆಂಬಾ ದಾಯಿಗೆ ವಯಸ್ಸಾಯಿತು.

ಅಕ್ಕನಿಗೆ ಹೇಳಿದೆ. ಏನೂ ಆಗಿಲ್ಲ, ಇಳಿ.

"ಅದಕ್ಕೇ ಓದಿದವರು ಮನೇಲಿ ಒಬ್ಬರಿರಬೇಕು ಅನ್ನೋದು" ಎಂದಳು. ಶಾಲೆಯ ನೆಲದಲ್ಲಿ ಮಲಗಿ ಸೊಂಟ ಹಿಡಿದಿದೆಯಂತೆ. ಇಳಿದು ಮೊದಲು ಗುಂದ್ರುಕ್ ಒಣಸೊಪ್ಪಿನ ಸಾರು ಮಾಡಿ ಬಿಸಿಬಿಸಿ ಕುಡಿಯುತ್ತಾಳಂತೆ.

ಅಸಾರ್ 4, ಬೆಳಿಗ್ಗೆ 11.20

ಪೆಂಬಾ ದಾಯಿ ಫೋನ್ ಮಾಡಿದರು. ಕೆರೆಯ ಹತ್ತಿರ ಸಿಗ್ನಲ್ ಇಲ್ಲ, ಕಣಿವೆ ತಿರುವಿನವರೆಗೆ ನಡೆದು ಬಂದಿದ್ದರು. ಗಾಳಿಯ ಸದ್ದು.

"ಬಹಿನಿ, ಮಸಾಂತದ ದಿನ ನೀರು ಹಂಗೆ ಇಳೀತಲ್ಲ, ಯಾಕೆ ಅಂತ ನಿಮ್ಮ ಸಾಹೇಬರು ಏನಾದ್ರೂ ಹೇಳಿದ್ರಾ?"

"ಯಾವ ನೀರು ದಾಯಿ?"

"ಬರೆದಿದ್ದೀನಲ್ಲ. ಮೂರು ಹೊತ್ತೂ ಬರೆದಿದ್ದೀನಿ. ನೀವು ನೋಡಿ, ಪರವಾಗಿಲ್ಲ ಅಂದ್ರಿ ಅಂತ ಊರೆಲ್ಲ ಕೆಳಗೆ ಇಳೀತು."

ಮಸಾಂತ, ತಿಂಗಳ ಕೊನೆಯ ದಿನ, ಎಂದರೆ ಜೇಠ್ 32. ನೋಟ್‌ಬುಕ್‌ನಲ್ಲಿ ಹುಡುಕಿದೆ. 32 ಇಲ್ಲ. 31 ಇಲ್ಲ. 30, 29... ಇಲ್ಲ. ಶೀಟ್ ತೆರೆದೆ. ಇದೆ. ಎಲ್ಲ ಇದೆ.

29 — 4.35. 30 — 4.70. 31 — 5.20. 32, ಬೆಳಿಗ್ಗೆ 5.15. ಅದೇ ದಿನ ಸಂಜೆ 4.10.

ಯಂತ್ರದ ಲೆಕ್ಕದಲ್ಲಿ ಅದು ಫೆಬ್ರವರಿ. ಅದಕ್ಕೆ 28 ದಿನ. ನಮ್ಮ ಜೇಠ್‌ಗೆ 32. ಫೆಬ್ರವರಿ 29, 30, 31, 32 ತಾರೀಕೇ ಅಲ್ಲ. ತಾರೀಕಲ್ಲದ್ದನ್ನು ಬಿಟ್ಟುಬಿಡು ಎಂದವಳು ನಾನು. ಬಿಟ್ಟುಬಿಟ್ಟಿತು. 28ರ ಪಕ್ಕಕ್ಕೇ ಅಸಾರ್ 1 ತಂದು ಅಂಟಿಸಿತು. ನಡುವೆ ಒಂದು ಸಂದು ಕೂಡ ಇಲ್ಲ. ಆ ಕಡೆ 4.10, ಈ ಕಡೆ 4.10. ಯಾರು ನೋಡಿದರೂ ನೆಟ್ಟನೆ ಗೆರೆ.

ಊರೆಲ್ಲ ಎಂದರಲ್ಲ ದಾಯಿ. ನಾನು ಹೇಳಿದ್ದು ಅಕ್ಕನಿಗೆ ಮಾತ್ರ.

11.50

ಘಿಮಿರೆ ಸರ್ ಮುಂದೆ ಶೀಟ್ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏರಿದ್ದು ಬಿಡು. ಒಂದೇ ದಿನದಲ್ಲಿ ಒಂದು ಮೀಟರ್ ಇಳಿದಿದೆ. ಹೊಳೆ ಉಕ್ಕಿತಾ?"

"ಇಲ್ಲ ಸರ್. ಕೋಡೀಲೂ ಜಾಸ್ತಿ ಹರಿದಿಲ್ಲ ಅಂತಾರೆ ದಾಯಿ."

"ಮತ್ತೆ ನೀರು ಎಲ್ಲಿಗೆ ಹೋಯ್ತು?"

ಇಬ್ಬರಿಗೂ ಗೊತ್ತು. ಆ ಕೆರೆಗೆ ಕಟ್ಟೆ ಎಂದರೆ ಕಲ್ಲು, ಮಣ್ಣು, ಹಳೆಯ ಮಂಜುಗಡ್ಡೆಯ ದಿಬ್ಬ ಅಷ್ಟೆ. ನೀರು ಅದರ ಹೊಟ್ಟೆಯೊಳಗೆ ದಾರಿ ಮಾಡಿಕೊಂಡಿದೆ. ಆಮೇಲೆ ಮಟ್ಟ ನಿಂತೇ ಇರುವುದು ನೋಡಿದರೆ, ಈಗ ಆ ದಾರಿ ಏನೋ ಸಿಕ್ಕಿಕೊಂಡು ಮುಚ್ಚಿದೆ. ಮತ್ತೆ ತೆರೆದರೆ ದಿಬ್ಬವೇ ಕುಸಿಯಬಹುದು; ಆಮೇಲೆ ನೀರು ಲುಂಗ್ಮಾ ಮುಟ್ಟಲು ನಲವತ್ತು ನಿಮಿಷ.

"ಆ ನಾಲ್ಕು ದಿನ ಬಿಟ್ಟುಬಿಡೋ ಸಾಲು ಬರೆದೋಳು ನಾನೇ ಸರ್."

"ಅದನ್ನ ಆಮೇಲೆ ಮಾತಾಡೋಣ. ಮೊದಲು ಫೋನ್ ಹಚ್ಚು."

ಅಕ್ಕನ ಫೋನು ಬಂದ್. ಏಳು ಸಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಲಿ, ಈ ಇನ್ನೊಂದು ಮಾತು ಅವಳ ಕಿವಿಗೆ ಬಿದ್ದರೆ ಸಾಕು.

1.15

ಮಳೆಗೆ ಲುಂಗ್ಮಾದ ಟವರ್ ಕೆಟ್ಟಿದೆಯಂತೆ. ಘಿಮಿರೆ ಸರ್ ಜಿಲ್ಲೆಗೆ ಮಾತಾಡಿ, ಜಿಲ್ಲೆಯವರು ಪೊಲೀಸ್ ಚೌಕಿಗೆ ವೈರ್‌ಲೆಸ್ ಮಾಡಿ, ನಾಲ್ಕು ಜನ ಪೊಲೀಸರು ಹೊರಟಿದ್ದಾರೆ. ಚೌಕಿಯಿಂದ ಹಳ್ಳಿಗೆ ಎರಡು ಗಂಟೆ ದಾರಿ. ಎದುರಿಗೆ ದಾಲ್ ಭಾತ್ ಆರಿ ಹೋಗಿದೆ. ಈ ಎರಡು ಗಂಟೆ ಕೊಡು ದೇವರೇ. ಬೇರೇನೂ ಕೇಳುವುದಿಲ್ಲ.

3.35

ಹತ್ತಿದರು. ಎಲ್ಲರೂ. ನಲವತ್ತೊಂದು ಮನೆ. ಅಕ್ಕ ಪೊಲೀಸರ ವೈರ್‌ಲೆಸ್‌ನಲ್ಲೇ ಬೈದಳಂತೆ, ಒಲೆಯ ಮೇಲೆ ಮಾಂಸ ಇಟ್ಟಿದ್ದೆ ಎಂದು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅಸಾರ್ 5

ಬಿಟ್ಟುಬಿಡು ಎಂದಿದ್ದ ಆ ಸಾಲು ಅಳಿಸಿದೆ. ತಾರೀಕುಗಳನ್ನು ನಮ್ಮ ಪಂಚಾಂಗದ ಪ್ರಕಾರ ಒಂದೊಂದಾಗಿ ಕೂಡಿಸಿದೆ. ಶೀಟ್‌ನ ಸಾಲು ಎಣಿಸಿದೆ, ಚಾರ್ಟ್‌ನ ಚುಕ್ಕೆ ಎಣಿಸಿದೆ. ಮೂರು ಸಲ. ಈಗ ಗೆರೆಯ ನಡುವೆ ಒಂದು ಚೂಪಾದ ಗುಡ್ಡ ಎದ್ದಿದೆ. ಅದನ್ನು ನೋಡಲು ನನಗೆ ಆಗುತ್ತಿಲ್ಲ.

ಅಸಾರ್ 9

ಐದು ದಿನವಾಯಿತು. ಕೆರೆ ಒಡೆದಿಲ್ಲ. 4.10, 4.11, 4.10. ಟವರ್ ಸರಿಯಾಗಿದೆ. ಪೆಂಬಾ ದಾಯಿಗೆ ಪೊಲೀಸರು ವಾಕಿಟಾಕಿ ಕೊಟ್ಟಿದ್ದಾರೆ. ದಿಬ್ಬದ ಪಕ್ಕದ ಎತ್ತರದ ಇಳಿಜಾರಿನಲ್ಲಿ ಗುಡಾರ ಹಾಕಿಕೊಂಡು, ದುರ್ಬೀನಿನಲ್ಲಿ ಪಟ್ಟಿ ನೋಡಿ ಗಂಟೆಗೊಂದು ಸಲ ಹೇಳುತ್ತಾರೆ, ಚೌಕಿಯವನು ಶೀಟ್‌ಗೆ ಹಾಕುತ್ತಾನೆ.

ಅಕ್ಕನ ಫೋನು. ಶಾಲೆಯ ತಗಡಿನ ಮೇಲೆ ಮಳೆ, ಅವಳ ಮಾತು ಕೇಳಿಸುವುದೇ ಕಷ್ಟ.

"ನಾಲ್ಕು ಮಕ್ಕಳಿಗೆ ಜ್ವರ. ನಾಟಿ ಮಾಡೋ ದಿನ ಬಂತು. ಸಸಿ ಎಲ್ಲಾ ಕೆಳಗೆ ಬಲೀತಾ ಇದೆ. ಜನ ನನ್ನ ಮುಖ ನೋಡಿ ಬೈತಾರೆ — ನಿನ್ನ ತಂಗಿ ಇಳಿ ಅಂದ್ರೆ ಇಳೀಬೇಕು, ಹತ್ತು ಅಂದ್ರೆ ಹತ್ತಬೇಕು, ನಾವೇನು ಅವಳು ಸಾಕಿದ ಮೇಕೆಗಳಾ ಅಂತ."

"ನೀನೇನು ಹೇಳಿದೆ?"

"ಮೇಕೆಗಳಿಗಿಂತ ವಾಸಿ, ಹೇಳಿದ ತಕ್ಷಣ ಹತ್ತಿದ್ರಿ ಅಂದೆ." ನಕ್ಕಳು. ಆಮೇಲೆ ನಗದೆ ಕೇಳಿದಳು, "ಗೆರೆ ಹೆಂಗಿದೆ ಕಾಂಛಿ?"

"ನೆಟ್ಟಗಿದೆ."

"ಹೋದ ಸಲಾನೂ ಹಂಗೇ ಅಂದಿದ್ದೆ."

ತಪ್ಪು ನನ್ನದು, ಆ ನಾಲ್ಕು ದಿನ ನಾನೇ ಕಳೆದುಹಾಕಿದೆ ಎಂದು ಹೇಳಿದೆ. "ಆಗಿದ್ದು ಆಯ್ತು. ಸಾರು ಕುಡಿಯೋಕೆ ಇಳಿದೆ ಅಷ್ಟೇ ತಾನೇ" ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಈಗ ಗೆರೆ ನಿಜವಾಗಿಯೂ ನೆಟ್ಟಗಿದೆ. ನನಗೇ ನಂಬಿಕೆ ಇಲ್ಲ.

ಅಸಾರ್ 11, ಬೆಳಿಗ್ಗೆ 7.30

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಶೀಟ್ ನೋಡುತ್ತಿದ್ದೇನೆ. ಕಚೇರಿಗೆ ಮೊದಲು ಬಂದವಳು ನಾನೇ. ಕೆಳಗೆ ರಾಜಧಾನಿಯ ಬಾನೇಶ್ವರ ರಸ್ತೆಯ ಬಸ್ಸುಗಳ ಕೂಗಾಟ ಶುರುವಾಗಿದೆ.

ಊರಿನವರು ಇವತ್ತು ಇಳಿಯುತ್ತಾರಂತೆ. ತಡೆಯಲು ಯಾರಿಗೂ ಕಾರಣವಿಲ್ಲ. ಘಿಮಿರೆ ಸರ್ ಕೂಡ ನಿನ್ನೆ, "ಎಷ್ಟು ದಿನ ಅಂತ ಮಳೇಲಿ ಕೂರಿಸ್ತೀಯ" ಎಂದರು. ಅಕ್ಕ ಚಹಾ ಕುಡಿದು ಹಂದಿಗಳನ್ನು ಹೊಡೆದುಕೊಂಡು ಮುಂದೆ ಹೊರಡುತ್ತಾಳೆ. ಇಳಿಯಲು ಹದಿನೈದು ನಿಮಿಷ, ಹತ್ತಲು ಇಪ್ಪತ್ತೈದು.

8.10

ಎಂಟರ ಅಳತೆ ಬಂತು. 3.92. ಚಾರ್ಟ್‌ನಲ್ಲಿ ಗೆರೆ ನೆಟ್ಟಗೇ ಕಾಣುತ್ತದೆ. ಚೌಕಿಯವನಿಗೆ ಫೋನ್ ಮಾಡಿದೆ.

"ನೀರು ಇಳೀತಾ ಇದೆ ಮೇಡಂ, ಒಳ್ಳೇದೇ ಅಲ್ವಾ? ಊರಿನವರಿಗೂ ಹೇಳಿದೆ, ಖುಷಿಪಟ್ಟರು."

ರಾತ್ರಿಯಿಡೀ ಮಳೆ. ಇಳಿಯಬಾರದು. ಏರಬೇಕು.

8.17

ಅಕ್ಷ ತಪ್ಪು. ಸೊನ್ನೆಯಿಂದ ಆರು ಮೀಟರಿನವರೆಗೆ ಹರಡಿಕೊಂಡಿದೆ, ಆ ಹಾಳು ಗುಡ್ಡ ಹಿಡಿಸಲಿ ಎಂದು. ಅದರಲ್ಲಿ ಒಂದು ಗೇಣು ನೀರು ಹೇಗೆ ಕಾಣಬೇಕು? ಇವತ್ತಿನದನ್ನು ಮಾತ್ರ ತೆಗೆದುಕೊಂಡೆ. ಮೂರೂಮುಕ್ಕಾಲಿನಿಂದ ನಾಲ್ಕೂಕಾಲು, ಅಷ್ಟೇ ಕಿಟಕಿ. ಐದು ಗಂಟೆ 4.10. ಆರು 4.08. ಏಳು 4.03. ಎಂಟು 3.92.

ಎರಡು, ಐದು, ಹನ್ನೊಂದು ಸೆಂಟಿಮೀಟರ್. ಪ್ರತಿ ಗಂಟೆಗೂ ಇಮ್ಮಡಿಗಿಂತ ಹೆಚ್ಚು. ಗೆರೆ ಬಾಗುತ್ತಿದೆ. ದಾರಿ ತೆರೆದಿದೆ.

8.31

ಎಷ್ಟೋ ಸಲ ಹಚ್ಚಿದ ಮೇಲೆ ಅಕ್ಕ ಎತ್ತಿದಳು. ಹೊಳೆಯ ಸದ್ದು ಹತ್ತಿರವೇ ಇತ್ತು. ಕೆಳಗೆ ತಲುಪಿಬಿಟ್ಟಿದ್ದಳು.

"ಅಕ್ಕಾ, ಹತ್ತು."

ಯಾಕೆ ಎಂದು ಕೇಳಲಿಲ್ಲ. ಗೆರೆ ಹೇಗಿದೆ ಎಂದೂ ಕೇಳಲಿಲ್ಲ. ಫೋನನ್ನು ಕಿವಿಯಿಂದ ತೆಗೆಯದೆ ಹಿಂದೆ ತಿರುಗಿ ಕೂಗಿದಳು, ನನ್ನ ಕಿವಿ ಗುಯ್ ಎಂದಿತು. "ಹತ್ರೋ! ಹಂದಿ ಬಿಡ್ರೋ, ಹತ್ರೋ!" ಯಾರೋ ಗಂಡಸು ಏನೋ ಬೈದ. "ನನ್ನ ತಂಗಿ ಹೇಳ್ತಿದ್ದಾಳೆ, ಹತ್ತು ಅಂದ್ರೆ ಹತ್ತು!" ಎಂದಳು. ಓಡುವ ಸದ್ದು, ಏದುಸಿರು, ಮತ್ತೆ ಲೈನ್ ಕಟ್.

8.44

ಘಿಮಿರೆ ಸರ್ ಜಿಲ್ಲೆಗೆ ಮಾತಾಡುತ್ತಿದ್ದಾರೆ, ಅರಚುತ್ತಿದ್ದಾರೆ. ಪೆಂಬಾ ದಾಯಿ ವಾಕಿಟಾಕಿಯಲ್ಲಿ ಹೇಳಿದರಂತೆ, ಎಂಟೂ ಇಪ್ಪತ್ತಕ್ಕೆ ದಿಬ್ಬದ ಬುಡ ಕುಸಿಯಿತು. ಎಂಟೂ ಇಪ್ಪತ್ತು. ನಲವತ್ತು ನಿಮಿಷ ಸೇರಿಸಿದರೆ ಒಂಬತ್ತು. ಅಕ್ಕ ಹೊರಟದ್ದು 8.31. ಇಪ್ಪತ್ತೈದು ಸೇರಿಸಿದರೆ 8.56. ಅವಳ ಸೊಂಟ ಸರಿಯಿಲ್ಲ. ಮಳೆ, ಕೆಸರು, ಹಿಂದೆ ಮುದುಕರಿದ್ದಾರೆ, ಅವಳು ಬಿಟ್ಟು ಬರುವವಳಲ್ಲ.

9.06

ಫೋನ್ ಹಚ್ಚಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎನ್ನುತ್ತದೆ. ಚೌಕಿಯವನೂ ಎತ್ತುತ್ತಿಲ್ಲ. ಮತ್ತೆ ಮತ್ತೆ ಹಚ್ಚುತ್ತಾ ನಡುವೆ ಬರೆಯುತ್ತಿದ್ದೇನೆ.

9.19

ರಿಂಗ್ ಆಗುತ್ತಿದೆ. ಎತ್ತುತ್ತಿಲ್ಲ. ಆದರೆ ರಿಂಗ್ ಆಗುತ್ತಿದೆ. ರಿಂಗ್ ಆಗುತ್ತಿದೆ ಎಂದರೆ ಫೋನು ನೀರಿನಲ್ಲಿಲ್ಲ. ಫೋನು ನೀರಿನಲ್ಲಿಲ್ಲ ಎಂದರೆ ಅಕ್ಕ—