ಬಸವಣ್ಣೆವ್ವನ ಕೊಡದ ಆಣೆಕಲ್ಲು

ಲಕ್ಷ್ಮೇಶ್ವರ,
೬ ಮೇ ೧೯೫೬, ರವಿವಾರ

ಪ್ರೀತಿಯ ಪದ್ಮಾ,

ಪುಣೆಯ ಬಿಸಿಲಲ್ಲಿ ಓದುತ್ತ ಕೂತಿರುವ ನನ್ನ ಮಗಳಿಗೆ ತುಂಬು ಆಶೀರ್ವಾದ. ಯಾವಾಗಲೂ ಒಂದು ಕಾರ್ಡಿನಲ್ಲಿ ಮುಗಿಸುವವಳು ಇವತ್ತು ನಾಲ್ಕು ಹಾಳೆ ತೆಗೆದುಕೊಂಡು ಕೂತಿದ್ದೇನೆ. ನಿನ್ನ ಅವ್ವ ಅಡರಕಟ್ಟಿಯ ಚಾವಡಿಯಲ್ಲಿ ನಿಂತು ಮಾತಾಡಿ ಬಂದಿದ್ದಾಳೆ. ನಗಬೇಡ.

ನಮಗೆ ಮೊಸರು ತಂದುಕೊಡುವ ಅಡರಕಟ್ಟಿಯ ಬಸವಣ್ಣೆವ್ವ ನಿನಗೆ ಗೊತ್ತಲ್ಲ. ಸೋಮವಾರ ಮಧ್ಯಾಹ್ನ ಅವರ ಊರಲ್ಲಿ ಲಿಂಬೆಹಣ್ಣಿನ ಗಾತ್ರದ ಆಣೆಕಲ್ಲು ಬಿದ್ದವು. ಕುರಿ ಕಾಯುವ ಮುದಕಪ್ಪನ ಹದಿನಾಲ್ಕು ಮರಿಗಳು ಸತ್ತವು. ಆ ಹೊತ್ತಿನಲ್ಲಿ ಬಸವಣ್ಣೆವ್ವ ಅಂಗಳದಲ್ಲಿ ಓಡಾಡಿ ಕೊಡಕ್ಕೆ ಕಲ್ಲು ತುಂಬುತ್ತಿದ್ದಳಂತೆ. ಆ ನೀರು ಕಣ್ಣುರಿಗೆ ಒಳ್ಳೆಯದೆಂದು ಅವಳ ನಂಬಿಕೆ. ಯಾರೋ ಅದನ್ನು ಕಂಡು, ಗಂಡ ಸತ್ತವಳು ಕೊಡ ಒಡ್ಡಿ ಕಲ್ಲು ಕರೆದಳು ಎಂದರು. ಸಂಜೆಯೊಳಗೆ ಅದು ಊರಿನ ಮಾತಾಯಿತು. ಬಾವಿಯ ಹತ್ತಿರ ಬರಬೇಡ ಎಂದುಬಿಟ್ಟರು.

ಬುಧವಾರ ಅವಳು ಬರಿಗೈಯಲ್ಲಿ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಸಿದು ಕೂತಳು. "ಅವ್ವಾರ, ಆಕಾಶಕ್ಕ ನನ್ನ ಕೈ ಮುಟ್ಟತೈತೇನ್ರಿ?" ಎಂದು ಅತ್ತಳು.

ನಿಮ್ಮ ತಂದೆ ಉತ್ತರ ಪತ್ರಿಕೆ ತಿದ್ದಲು ಗದಗಿಗೆ ಹೋಗಿದ್ದರು. ಇದ್ದಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ. ಯುಗಾದಿಗೆ ನೀನು ಕಾಲೇಜಿನಲ್ಲಿ ಕಲಿತ ಮೋಡದ ಒಳಗಿನ ಸಂಗತಿ ಬರೆದಿದ್ದೆಯಲ್ಲ, ಆಗ ಅರ್ಧಕ್ಕೇ ಮಡಿಸಿಟ್ಟಿದ್ದೆ. ಈಗ ಮೂರು ಸಲ ಓದಿದೆ. ಗುರುವಾರ ಬೆಳಿಗ್ಗೆ ಆ ಪತ್ರ ಹಿಡಿದುಕೊಂಡು ಬಸವಣ್ಣೆವ್ವನ ಜೊತೆ ಎತ್ತಿನ ಚಕ್ಕಡಿ ಹತ್ತಿದೆ.

ಚಾವಡಿಯಲ್ಲಿ ಗೌಡರಾದ ವಿರೂಪಾಕ್ಷಪ್ಪನವರೂ ಹತ್ತು ಹನ್ನೆರಡು ಜನರೂ ಇದ್ದರು. ಮುಂಬಯಿ ರಾಜ್ಯ ಬಿಟ್ಟು ನಾವು ಕನ್ನಡ ರಾಜ್ಯ ಸೇರುವುದು ಯಾವಾಗ ಎಂಬ ಮಾತು ನಡೆದಿತ್ತು. ನನ್ನನ್ನು ಕಂಡು ಮಾತು ನಿಲ್ಲಿಸಿದರು. "ಮಾಸ್ತರ ಮನಿಯವ್ರು, ಬರ್ರಿ, ಕುಂಡ್ರಿ" ಎಂದರು ಗೌಡರು. ನಾನು ಕೂರಲಿಲ್ಲ. ಕೂತರೆ ಮತ್ತೆ ಏಳುವ ಧೈರ್ಯ ಬರುತ್ತಿರಲಿಲ್ಲ.

ನೀನು ಬರೆದದ್ದನ್ನು ಓದಿ, ನನ್ನ ಮಾತಲ್ಲಿ ಬಿಡಿಸಿ ಹೇಳಿದೆ. "ಮೂರು ನಾಲ್ಕು ಮೈಲಿ ಎತ್ತರದಾಗ ಮೋಡ ಬರ್ಫಕ್ಕಿಂತ ತಣ್ಣಗ ಇರ್ತದ. ಆದ್ರೂ ಹನಿ ನೀರಾಗೇ ಇರ್ತಾವ. ನಡುವ ಒಂದು ಬರ್ಫದ ಹರಳು ಹುಟ್ಟಿತಂದ್ರ ಸುತ್ತಲಿನ ಹನಿ ಆವಿಯಾಗಿ ಸವೀತಾವ, ಆ ಆವಿ ಹತ್ತಿ ಹರಳು ಬೆಳೀತದ. ಆಮ್ಯಾಲೆ ಹನಿ ಬಂದು ಬಡಿದ್ರ ಬಡಿದಲ್ಲೇ ಗಟ್ಟಿ ಆಗ್ತಾವ. ಗಾಳಿ ಅದನ್ನ ಮ್ಯಾಲಕ್ಕ ಒಗೆದಂಗೆಲ್ಲಾ ಪದರಿನ ಮ್ಯಾಲೆ ಪದರ ಕೂಡ್ತದ."

"ಬರ್ಫಕ್ಕಿಂತ ತಣ್ಣಗಿದ್ದೂ ನೀರಾಗೇ ಇರತೈತಂತ!" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ಪಕ್ಕದಲ್ಲಿ ಬಸವಣ್ಣೆವ್ವ ನಿಂತಿದ್ದಳು. "ಹಾಲು ಎಷ್ಟು ಹೊತ್ತು ಇಟ್ರೂ ಹೆಪ್ಪು ಹಾಕದೇ ಮೊಸರಾಗ್ತದೇನು? ಈಕೀನ್ನ ಕೇಳ್ರಿ" ಎಂದೆ. ನಗು ನಿಂತಿತು. ಹೋಲಿಕೆ ಪೂರ್ತಿ ಸರಿಯಲ್ಲವೆಂದು ನೀನು ಹೇಳಬಹುದು, ಆ ಗಳಿಗೆಗೆ ನನಗೆ ಹೊಳೆದದ್ದು ಅದೇ.

ಗೌಡರು ಬಿಡಲಿಲ್ಲ. "ಹಂಗಾರ ನಮ್ಮ ಊರ ಮ್ಯಾಲನ ಯಾಕ ಬಿತ್ರಿ?"

"ಅದು ನನಗ ಗೊತ್ತಿಲ್ಲ" ಎಂದೆ. "ಆದ್ರ ಕೊಡ ಹಿಡಕೊಂಡು ಯಾರೂ ಮೋಡಕ್ಕ ಹೋಗೂದಿಲ್ಲ."

ಆಗ ಮೂಲೆಯಿಂದ ಮುದಕಪ್ಪ ಎದ್ದ. ಮರಿಗಳನ್ನು ಕಳೆದುಕೊಂಡವನು, ಇನ್ನು ಮುಗಿಯಿತು ಅಂದುಕೊಂಡೆ. ಅವನು ಹೇಳಿದ: "ಆವತ್ತ ಸಿಟ್ಟಿಲೆ ಒಂದ ಕಲ್ಲ ಕೊಡ್ಲೀಲೆ ಒಡದ್ನಿರಿ. ಉಳ್ಳಾಗಡ್ಡಿ ಇದ್ದಂಗ ಪದರ ಪದರ ಇತ್ತು. ಈ ತಾಯಿ ಓದಿದ್ದು ಖರೆ ಐತಿ. ನನ್ನ ಮರಿ ಕೊಂದಾಕಿ ಬಸವಣ್ಣೆವ್ವ ಅಲ್ಲ."

ಅಷ್ಟೇ ಅಲ್ಲ, ಅವಳ ಮನೆಗೆ ಹೋಗಿ ಕೊಡ ತಂದು, ತಾನೇ ಬಾವಿಯಿಂದ ನೀರು ಸೇದಿ ಅವಳ ಸೊಂಟಕ್ಕೆ ಕೊಟ್ಟ. ಯಾರೂ ತಡೆಯಲಿಲ್ಲ. ಬಸವಣ್ಣೆವ್ವ ಅಳುತ್ತಲೇ ಮನೆಗೆ ನಡೆದಳು, ನೀರು ಚೆಲ್ಲದ ಹಾಗೆ.

ಹೊರಡುವಾಗ ಗೌಡರು, "ಈ ಕಾಗದ ಬರದಾವ್ರು ಯಾರ್ರೀ?" ಎಂದು ಕೇಳಿದರು.

"ನನ್ನ ಮಗಳು" ಎಂದೆ. ನೀನು ಹುಟ್ಟಿದ ದಿನವೂ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ ಪದ್ಮಾ.

ನಿಮ್ಮ ತಂದೆ ನಿನ್ನೆ ಬಂದರು. ಚೀಲ ಇಡುವ ಮೊದಲೇ, "ನನ್ನ ಹೆಂಡತಿ ಕಥಿ ನಾ ಬಸ್ಸಿನ್ಯಾಗ ಕೇಳಬೇಕಾತೇನು?" ಎಂದರು. ಬೈಯುತ್ತಾರೆಂದು ಕಾದೆ. ನಿನ್ನ ಪತ್ರ ಕೇಳಿ ತೆಗೆದುಕೊಂಡು ಓದುತ್ತ ಕೂತರು, ಅನ್ನ ಆರಿಹೋಯಿತು.

ಚಾವಡಿ ಹತ್ತಿ ಬಂದ ನಿನ್ನ ಅವ್ವ,
ಅಂಬುಬಾಯಿ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಸಂಕ್ರಾಂತಿಗೆ ಹುಬ್ಬಳ್ಳಿಯಿಂದ ನಿನಗೊಂದು ಸಂಬಂಧ ಬಂದಿತ್ತು. ಓದು ಬಿಡಿಸಿ ಜ್ಯೇಷ್ಠದಲ್ಲಿ ಮದುವೆ ಎಂದಿದ್ದರು. ಒಪ್ಪಿದವಳು ನಾನು, ನಿಮ್ಮ ತಂದೆಯಲ್ಲ. ರಜೆಗೆ ಬಂದಾಗ ನಿನಗೆ ಹೇಳಿದರಾಯಿತು ಅಂದುಕೊಂಡಿದ್ದೆ. ಶುಕ್ರವಾರ ನಾನೇ ಅವರಿಗೆ ಬೇಡವೆಂದು ಬರೆದು ಟಪಾಲು ಡಬ್ಬಿಗೆ ಹಾಕಿದೆ. ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟಿನಿಂದಲೇ ಪತ್ರ ಬರೆ. ಓದು ಮಾತ್ರ ಬಿಡಬೇಡ.