ಹಿತ್ತಾಳೆ ಉರುಳಿಯೂ ನಿಮ್ಮ ಗುಲಾಬಿ ಕರಪತ್ರವೂ

ಜಯನಗರ, ಆಗಸ್ಟ್ 2006

ಮಾನ್ಯ ಆರೋಗ್ಯ ಪ್ರಚಾರಾಧಿಕಾರಿಗಳೇ,

ಮೊದಲಿಗೇ ಹೇಳಿಬಿಡುತ್ತೇನೆ, ತಮ್ಮ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಸೊಳ್ಳೆಯ ಬಗ್ಗೆ ಜೀವಮಾನವಿಡೀ ಹೇಳಿದ್ದನ್ನು ನನ್ನ ಹೆಂಡತಿಯೇ ಕಿವಿಗೆ ಹಾಕಿಕೊಳ್ಳಲಿಲ್ಲ. ತಾವು ಹಂಚಿದ ಒಂದು ಗುಲಾಬಿ ಕರಪತ್ರವನ್ನು ನಮ್ಮ ಬ್ಲಾಕಿಗೆ ಬ್ಲಾಕೇ ಒಂದೇ ಬೆಳಿಗ್ಗೆಯಲ್ಲಿ ನಂಬಿಬಿಟ್ಟಿತು. ಹಾಗೆ ನಂಬಿದ್ದರಿಂದ ನಮ್ಮ ಮನೆಗೆಲಸದ ಸೊಣ್ಣಮ್ಮ, ಮೋರಿಯಾಚೆಯ ಸಿದ್ದಾಪುರದವಳು, ಕೆಲಸ ಕಳೆದುಕೊಂಡಿದ್ದಾಳೆ. ನನ್ನ ದೂರು ಅದೇ.

ಕರಪತ್ರದಲ್ಲಿ ಸುಳ್ಳೇನೂ ಇಲ್ಲ, ಒಪ್ಪುತ್ತೇನೆ. ಅದೇ ತಮ್ಮ ಜಾಣತನ. ಮೇಲೆ ದಪ್ಪಕ್ಷರದಲ್ಲಿ ‘ಚಿಕೂನ್‌ಗುನ್ಯ: ಕೊಳಚೆಯಿಂದ ದೂರವಿರಿ’. ಕೆಳಗೆ ಒಂದು ಮೋರಿಯ ಚಿತ್ರ, ಮೋರಿಯ ದಂಡೆಯಲ್ಲಿ ಶೀಟಿನ ಮನೆ, ಬಾಗಿಲಲ್ಲಿ ಸೀರೆ ಎತ್ತಿ ಕಟ್ಟಿದ ಹೆಂಗಸು. ಈ ಸೊಳ್ಳೆ ಮೊಟ್ಟೆಯಿಡುವುದು ಮನೆಯೊಳಗೆ ನಿಂತ ತಿಳಿನೀರಿನಲ್ಲಿ ಎಂಬ ಮುಖ್ಯ ವಿಷಯ ಮಾತ್ರ ತೀರಾ ತಳದಲ್ಲಿ, ಪ್ರೆಸ್ಸಿನ ಹೆಸರಿನ ಪಕ್ಕ, ಇರುವೆಯಷ್ಟು ಅಕ್ಷರದಲ್ಲಿ. ಅಲ್ಲಿಯವರೆಗೆ ಯಾರು ಓದುತ್ತಾರೆ ಸ್ವಾಮಿ? ಚಿತ್ರ ನೋಡಿದ ಮೇಲೆ ಓದುವ ಅಗತ್ಯವಾದರೂ ಏನಿತ್ತು? ಜ್ವರ ಮೋರಿಯ ಆಚೆಯಿಂದ ಬರುತ್ತದೆಂದು ಎಲ್ಲರಿಗೂ ಖಾತ್ರಿಯಾಯಿತು.

ನಮ್ಮ ಹಜಾರದಲ್ಲಿ ಒಂದು ಹಿತ್ತಾಳೆ ಉರುಳಿಯಿದೆ. ಅಗಲ ಬಾಯಿಯ ಪಾತ್ರೆ, ತುಂಬ ನೀರು, ಮೇಲೆ ತೇಲುವ ಹೂವು. ಈಗ ನಮ್ಮ ಕಡೆ ಅದಿಲ್ಲದ ಮನೆಯೇ ಕಡಿಮೆ. ನನ್ನ ಹೆಂಡತಿ ಸಿದ್ದಗಂಗಮ್ಮ ಹೂವನ್ನು ದಿನವೂ ಬದಲಿಸುತ್ತಾಳೆ. ನೀರನ್ನಲ್ಲ. ದಿನ ಬಿಟ್ಟು ದಿನ ಬರುವ ಕಾವೇರಿ ನೀರನ್ನು ಸುಮ್ಮನೆ ಚೆಲ್ಲುವುದುಂಟೇ? ಪಾತ್ರೆ ತಿಕ್ಕುವ ನೆಪದಲ್ಲಿ ಚೆಲ್ಲುತ್ತಿದ್ದವಳು ಸೊಣ್ಣಮ್ಮ. ಕರಪತ್ರ ಬಂದ ದಿನ ಅವಳನ್ನು ಗೇಟಿನಲ್ಲೇ ನಿಲ್ಲಿಸಲಾಯಿತು.

“ಜ್ವರ ಎಲ್ಲಾ ಕಡಿಮೆ ಆಗ್ಲಿ, ಆಮೇಲೆ ಬಾ,” ಅಂದಳು ನನ್ನ ಹೆಂಡತಿ.

“ನಂಗೆ ಜ್ವರ ಇಲ್ವಲ್ಲಮ್ಮ.”

“ನಿಂಗಿಲ್ಲ ಕಣೇ, ನಿಮ್ ಏರಿಯಾ...”

ಸೊಳ್ಳೆ ಇರುವುದು ನಮ್ಮ ಹಜಾರದಲ್ಲೇ ಎಂದು ನಾನು ಬಾಯಿ ಹಾಕಿದೆ. “ರೀ, ನೀವು ಸುಮ್ನಿರಿ. ಹೆಲ್ತ್ ಡಿಪಾರ್ಟ್‌ಮೆಂಟ್‌ನೋರಿಗಿಂತ ನಿಮಗೆ ಜಾಸ್ತಿ ಗೊತ್ತಾ?” ಎಂದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಮಾತಿಗೆ ಸಿಗದ ಬೆಲೆ, ಮುಖವನ್ನೇ ತೋರಿಸದ ತಮಗೆ ಸಿಕ್ಕಿತಲ್ಲ! ಉರಿಯದೆ ಇರುತ್ತದೆಯೇ?

ಕೆಲವೇ ದಿನಗಳಲ್ಲಿ ಉರುಳಿಯಲ್ಲಿ ಸೊಳ್ಳೆಯ ಮರಿಹುಳುಗಳು ಕುಣಿಯತೊಡಗಿದವು. ಲೋಟದಲ್ಲಿ ಹಿಡಿದು ಪಕ್ಕದ ಮನೆಯ ಚಿದಾನಂದ್‌ಗೆ ತೋರಿಸಿದೆ. ಅವರ ಮನೆಯಲ್ಲಿ ಎರಡು ಉರುಳಿ. “ನಮ್ದು ಕ್ಲೀನ್ ನೀರು ಅಂಕಲ್. ಇವು ಸಿದ್ದಾಪುರದ ಕಡೆಯಿಂದ ಹಾರಿ ಬಂದಿರ್ಬೇಕು,” ಎಂದ. ರೆಕ್ಕೆಯೇ ಇಲ್ಲದ ಹುಳುಗಳು ಸ್ವಾಮಿ! ಈಗ ಅವನು ಗೋಡೆ ಹಿಡಿದು ನಡೆಯುತ್ತಾನೆ. ನನ್ನ ಹೆಂಡತಿ ಕೀಲುನೋವಿನಿಂದ ನರಳುತ್ತ, ಮಲಗಿದಲ್ಲಿಂದಲೇ ಸಿದ್ದಾಪುರವನ್ನು ಶಪಿಸುತ್ತಾಳೆ. ಜ್ವರ ಬಂದರೂ ತಮ್ಮ ಮೇಲಿನ ನಂಬಿಕೆ ಹೋಗಿಲ್ಲ.

ನಾಚಿಕೆಯಾಗಿ ಸೊಣ್ಣಮ್ಮನ ಮನೆಗೆ ಹೋದೆ. ಎಲ್ಲರಿಗೂ ತಿಳಿಹೇಳುತ್ತೇನೆ, ವಾಪಸು ಬಾ ಎಂದೆ.

“ನಿಮ್ ಮನೆ ಒಂದೇ ಅಲ್ಲ ಸಾರ್, ಆ ರೋಡಲ್ಲಿ ಮಾಡ್ತಿದ್ದ ಎಲ್ಲಾ ಮನೇನೂ ಹೋಯ್ತು. ನೀವು ಹೇಳಿದ್ರೆ ಯಾರು ಕೇಳ್ತಾರೆ? ಆ ಪೇಪರ್ ಹಂಚಿದೋರೇ ಹೇಳ್ಬೇಕು.”

ನಿಜವಾದ್ದರಿಂದ ಇನ್ನಷ್ಟು ಉರಿಯಿತು.

ಆದ್ದರಿಂದ ಇನ್ನೊಂದು ಕರಪತ್ರ ಹಂಚಿ. ಅದೇ ಗುಲಾಬಿ ಕಾಗದ, ಅದೇ ದಪ್ಪಕ್ಷರ, ಅದೇ ಬೀದಿಗಳು. ಈ ಸಲ ಚಿತ್ರದಲ್ಲಿ ಗ್ರಾನೈಟ್ ಹಜಾರವಿರಲಿ, ಉರುಳಿಯಿರಲಿ, ಪಕ್ಕದಲ್ಲಿ ಪೇಪರ್ ಓದುವ ಕನ್ನಡಕದ ಮುದುಕನಿರಲಿ. ಮಾದರಿಗೆ ನಮ್ಮ ಮನೆಯನ್ನೇ ಬಿಡಿಸಿಕೊಳ್ಳಿ. ಗೇಟಿನ ಮೇಲಿನ ನನ್ನ ಹೆಸರೂ ಚೆನ್ನಾಗಿ ಕಾಣಲಿ. ಬೀದಿಯವರು ನಮ್ಮನ್ನು ನೋಡಿ ಮೂಗು ಮುಚ್ಚಿಕೊಳ್ಳಲಿ. ಸೊಣ್ಣಮ್ಮ ಮತ್ತೆ ಕೆಲಸಕ್ಕೆ ಹೋಗಲಿ.

ಇಂತಿ,
ಸ್ವಂತ ಮನೆಯಲ್ಲೂ ನಂಬುವವರಿಲ್ಲದ
ಮರುಳಸಿದ್ದಪ್ಪ